ಮನೆಯ ಒಂದು ಫೇಸಿನಲ್ಲಿ ಮೂರು ಫೇಸಿನ ಯಂತ್ರ

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಗಳು ಹೊಸ ಯಂತ್ರಗಳನ್ನು ತರಿಸಿಕೊಂಡಾಗ ಹಳೆಯ ಲೇತ್, ಮಿಲ್ಲಿಂಗ್ ಯಂತ್ರ, ಗ್ರೈಂಡಿಂಗ್ ಯಂತ್ರಗಳು ಹೊರಬೀಳುತ್ತವೆ. ಎರಕದ ಕಬ್ಬಿಣದ ಗಟ್ಟಿ ಮೈ, ಕೈಯಿಂದ ಕೆರೆದು ಸಮಗೊಳಿಸಿದ ಹಾಸು, ಇನ್ನೂ ಒಂದು ತಲೆಮಾರು ಬಾಳುವ ಗೇರುಗಳು. ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಇವಕ್ಕಿಂತ ಒಳ್ಳೆಯ ಯಂತ್ರ ಸುಲಭವಾಗಿ ಸಿಗುವುದಿಲ್ಲ. ಅಡ್ಡಿ ಒಂದೇ: ಯಂತ್ರದ ಮೋಟಾರು ಮೂರು ಫೇಸಿನದು, ಮನೆಗೆ ಬರುವುದು ಒಂದೇ ಫೇಸ್. ಈ ಒಂದು ಕಾರಣಕ್ಕೆ ಒಳ್ಳೆಯ ಯಂತ್ರಗಳು ಗುಜರಿ ಸೇರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆದ್ದರಿಂದಲೇ ಇವತ್ತಿನ ಮಾತು.

ಈ ಸಮಸ್ಯೆಗೆ ಪರಿಹಾರ ಹುಡುಕುವವರು ಸಾಮಾನ್ಯವಾಗಿ ಅಂಗಡಿಯಿಂದ ಶುರು ಮಾಡುತ್ತಾರೆ. ಯಾವ ಪೆಟ್ಟಿಗೆ ಕೊಳ್ಳಬೇಕು, ಎಷ್ಟು ಅಶ್ವಶಕ್ತಿಯದು, ಯಾವ ಕಂಪನಿಯದು ಎಂದು ಕೇಳುತ್ತಾರೆ. ಶುರು ಮಾಡಬೇಕಾದದ್ದು ಮೋಟಾರಿನಿಂದ ಎಂಬುದು ನನ್ನ ವಾದ. ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಿಕ್ಕದ್ದು ತಾನಾಗಿ ತೀರ್ಮಾನವಾಗುತ್ತದೆ. ಒಂದು ಫೇಸನ್ನು ಮೂರಾಗಿಸಲು ನೀವು ಕೊಳ್ಳಲು ನೋಡುತ್ತಿರುವ ಪರಿವರ್ತಕ ವಿದ್ಯುತ್ ಶಕ್ತಿಯನ್ನು ಎಲ್ಲಿ ಕೂಡಿಟ್ಟುಕೊಳ್ಳುತ್ತದೆ? ನಿಮ್ಮ ಮೋಟಾರಿನ ನೇಮ್‌ಪ್ಲೇಟ್ ಏನು ಹೇಳುತ್ತದೆ? ಮೊದಲನೆಯದು ವಿಚಿತ್ರವಾಗಿ ಕೇಳಿಸಬಹುದು. ಅದರಿಂದಲೇ ಆರಂಭಿಸೋಣ.

ಅದಕ್ಕೂ ಮುಂಚೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗೆ ಸರಿಸಬೇಕು. ಮನೆಯ ಮೂರು ಬೇರೆ ಬೇರೆ ಕೋಣೆಗಳ ಸಾಕೆಟ್ಟುಗಳಿಂದ ಮೂರು ತಂತಿ ಎಳೆದರೆ ಮೂರು ಫೇಸ್ ಆಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಸಿಂಗಲ್ ಫೇಸ್ ಮನೆಯಲ್ಲಿ ಎಷ್ಟು ಸಾಕೆಟ್ಟುಗಳಿದ್ದರೂ ಅವೆಲ್ಲ ಒಂದೇ ತಂತಿಯ ಕವಲುಗಳು. ಎಲ್ಲದರಲ್ಲೂ ವೋಲ್ಟೇಜು ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಮೂರು ಫೇಸ್ ಎಂದರೆ ಮೂರು ತಂತಿಗಳು ಮಾತ್ರವಲ್ಲ. ಆ ತಂತಿಗಳಲ್ಲಿ ಏರಿಳಿತಗಳು ಒಂದರ ಹಿಂದೆ ಒಂದು, ಒಂದು ಆವರ್ತದ ಮೂರನೆಯ ಒಂದು ಭಾಗದಷ್ಟು ಹಿಂದುಮುಂದಾಗಿ ಬರಬೇಕು. ಅಂದರೆ 120 ಡಿಗ್ರಿ ಅಂತರ.

ಈ ಅಂತರದಿಂದಲೇ ಮೋಟಾರಿನೊಳಗೆ ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಗೆಲಿಲಿಯೋ ಫೆರಾರಿಸ್ ಮತ್ತು ನಿಕೋಲಾ ಟೆಸ್ಲಾ ಇಬ್ಬರೂ 1888ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ, ಈ ತತ್ವವನ್ನು ಜಗತ್ತಿನ ಮುಂದಿಟ್ಟರು. ಅವರದು ಎರಡು ಫೇಸಿನ ಯಂತ್ರಗಳು. ಮರುವರ್ಷವೇ ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್ಕಿ ಮೂರು ಫೇಸಿನ, ಪಂಜರದಂಥ ರೋಟಾರಿನ (ಒಳಗೆ ತಿರುಗುವ ಭಾಗ) ಮೋಟಾರನ್ನು ಮಾಡಿದರು. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್ ವಸ್ತುಪ್ರದರ್ಶನಕ್ಕೆ ಮೂರು ಫೇಸಿನಲ್ಲಿ ವಿದ್ಯುತ್ ಸಾಗಿಸಿ ತೋರಿಸಿದ ಮೇಲೆ ಕೈಗಾರಿಕೆಗಳು ಈ ದಾರಿಯನ್ನು ಬಿಡಲಿಲ್ಲ. ನಿಮ್ಮ ಲೇತಿನ ಹಿಂಬದಿಯಲ್ಲಿ ಕುಳಿತಿರುವ ಮೋಟಾರು ಮೂಲ ರಚನೆಯಲ್ಲಿ ಆ 1889ರ ಮೋಟಾರೇ. ಬ್ರಷ್ ಇಲ್ಲ, ಕಮ್ಯುಟೇಟರ್ ಇಲ್ಲ, ಒಳಗೆ ಕಳಚಿಕೊಳ್ಳುವ ಸ್ವಿಚ್ಚಿಲ್ಲ. ಸವೆಯುವುದು ಎರಡು ಬೇರಿಂಗುಗಳು ಮಾತ್ರ. ಇಂಥ ಮೋಟಾರನ್ನು ಕಿತ್ತು ಸಿಂಗಲ್ ಫೇಸ್ ಮೋಟಾರು ಕೂರಿಸುವುದು ನನಗೆ ಕೊನೆಯ ಆಯ್ಕೆ. ಯಾಕೆಂದು ಹೇಳುತ್ತೇನೆ.

ಒಂದು ಫೇಸಿನ ವಿದ್ಯುತ್ತಿನಲ್ಲಿ ಶಕ್ತಿ ಒಂದೇ ಸಮನೆ ಹರಿಯುವುದಿಲ್ಲ. 50 ಹರ್ಟ್ಸ್ ಸರಬರಾಜಿನಲ್ಲಿ ಅದು ಸೆಕೆಂಡಿಗೆ 100 ಬಾರಿ ಏರಿ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಮೂರು ಫೇಸಿನಲ್ಲಿ ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏರಿರುತ್ತದೆ. ಮೂರನ್ನೂ ಕೂಡಿದರೆ ಮೊತ್ತ ಯಾವ ಕ್ಷಣದಲ್ಲೂ ಬದಲಾಗುವುದಿಲ್ಲ. ಒಂದೇ ಕಾಲಿನಿಂದ ಸೈಕಲ್ ತುಳಿಯುವವರನ್ನು ನೆನೆಸಿಕೊಳ್ಳಿ. ಪೆಡಲ್ ನೆತ್ತಿಯಲ್ಲಿ ನಿಂತಿದ್ದರೆ ಎಷ್ಟೇ ಒತ್ತಿದರೂ ಗಾಡಿ ಹೊರಡುವುದಿಲ್ಲ. ಯಾರಾದರೂ ತಳ್ಳಿ ಓಡಿಸಿಬಿಟ್ಟರೆ ಓಡುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಒಂದು ಜೋಲಿ ಹೊಡೆಯುತ್ತದೆ. ಸಿಂಗಲ್ ಫೇಸ್ ಮೋಟಾರಿನ ಪಾಡು ಹೀಗೆಯೇ. ಶುರುವಾಗಲು ಅದಕ್ಕೆ ಬೇರೊಂದು ಸುರುಳಿ, ವಿದ್ಯುತ್ತನ್ನು ಕೂಡಿಟ್ಟು ಬಿಡುವ ಕೆಪಾಸಿಟರ್, ವೇಗ ಬಂದ ಮೇಲೆ ಅವನ್ನು ಕಳಚುವ ಸೆಂಟ್ರಿಫ್ಯೂಗಲ್ ಸ್ವಿಚ್ಚು ಬೇಕು. ಓಡುವಾಗ ಸೆಕೆಂಡಿಗೆ 100 ಬಾರಿಯ ನಡುಕ ಉಳಿದೇ ಇರುತ್ತದೆ. ಮರ ಕೊಯ್ಯುವ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ತೆಳುವಾಗಿ ಕೆತ್ತಿ ನಯವಾಗಿ ಮುಗಿಸಿದ ಶಾಫ್ಟನ್ನೋ, ಗ್ರೈಂಡಿಂಗ್ ಮಾಡಿದ ಮೇಲ್ಮೈಯನ್ನೋ ಬೆಳಕಿಗೆ ಹಿಡಿದು ಓರೆಮಾಡಿ ನೋಡಿದರೆ ಮಾತ್ರ ಆ ನಡುಕದ ಗೆರೆಗಳು ಕಾಣಬಹುದು.

ಈಗ ಮೊದಲ ಪ್ರಶ್ನೆಯ ಅರ್ಥ ಬಿಡಿಸಿಕೊಳ್ಳುತ್ತದೆ. ಗೋಡೆಯಿಂದ ಬರುವ ಶಕ್ತಿ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆ ಮುಟ್ಟುತ್ತದೆ. ಮೂರು ಫೇಸಿನ ಮೋಟಾರಿಗೆ ಬೇಕಾದ್ದು ಒಂದೇ ಸಮನಾದ ಹರಿವು. ನಡುವಿನ ಕೊರತೆಯನ್ನು ತುಂಬಿಕೊಡಲು ಪರಿವರ್ತಕದಲ್ಲಿ ಎಲ್ಲಾದರೂ ಒಂದು ಕಡೆ ಶಕ್ತಿಯ ಸಂಗ್ರಹ ಇರಲೇಬೇಕು. 1.5 ಕಿಲೋವಾಟ್ ಮೋಟಾರು 10 ಮಿಲಿಸೆಕೆಂಡಿನಲ್ಲಿ ಬಳಸುವುದು 15 ಜೂಲ್. ಅಷ್ಟೇನೂ ದೊಡ್ಡದಲ್ಲ, ಆದರೆ ಸಂಗ್ರಹವೇ ಇಲ್ಲದೆ ಕೆಲಸ ನಡೆಯದು. ಎಷ್ಟು ಒಳ್ಳೆಯ ಸಂಗ್ರಹವಿದೆಯೋ ಅಷ್ಟು ಒಳ್ಳೆಯ ಪರಿವರ್ತಕ. ಮಾರುಕಟ್ಟೆಯಲ್ಲಿರುವ ಎಲ್ಲ ಬಗೆಗಳನ್ನೂ ನಾನು ಈ ಒಂದು ಅಳತೆಗೋಲಿನಿಂದಲೇ ಅಳೆಯುತ್ತೇನೆ.

ಅತಿ ಅಗ್ಗದ ದಾರಿ ಕೆಪಾಸಿಟರಿನದು. ಮೋಟಾರಿನ ಮೂರು ಸುರುಳಿಗಳನ್ನು ಡೆಲ್ಟಾದಲ್ಲಿ, ಅಂದರೆ ತ್ರಿಕೋನದಂತೆ ತುದಿಗೆ ತುದಿ ಜೋಡಿಸಿ, ಎರಡು ಮೂಲೆಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಕೊಟ್ಟು, ಮೂರನೆಯ ಮೂಲೆಗೆ ಕೆಪಾಸಿಟರಿನ ಮೂಲಕ ಅವೆರಡರಲ್ಲಿ ಒಂದನ್ನು ಸೇರಿಸುವುದು. ಇದಕ್ಕೆ ಚಾರ್ಲ್ಸ್ ಸ್ಟೈನ್ಮೆಟ್ಸ್ ಎಂಬ ಮಹಾನ್ ವಿದ್ಯುತ್ ಎಂಜಿನಿಯರರ ಹೆಸರು ಅಂಟಿಕೊಂಡಿದೆ. 230 ವೋಲ್ಟ್, 50 ಹರ್ಟ್ಸ್‌ಗೆ ಕಿಲೋವಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಎಂಬುದು ರೂಢಿಯ ಲೆಕ್ಕ. ಇಲ್ಲಿ ಸಂಗ್ರಹ ಆ ಒಂದು ಕೆಪಾಸಿಟರ್ ಮಾತ್ರ, ಮತ್ತು ಅದರ ಅಳತೆ ಒಂದೇ ಒಂದು ಹೊರೆಗೆ ಸರಿಹೊಂದುತ್ತದೆ. ಹೊರೆ ಅದಕ್ಕಿಂತ ಹೆಚ್ಚಾದರೆ ಮೋಟಾರು ಸೋಲುತ್ತದೆ. ಹೊರೆಯಿಲ್ಲದೆ ಓಡುವಾಗ ಸುರುಳಿಯಲ್ಲಿ ಕರೆಂಟು ಬೇಕಾದ್ದಕ್ಕಿಂತ ಹೆಚ್ಚಾಗಿ ಮೋಟಾರು ಬಿಸಿಯೇರುತ್ತದೆ. ಕೆಲಸ ಮಾಡದೆ ಸುಮ್ಮನೆ ತಿರುಗುವಾಗಲೇ ಬಿಸಿಯಾಗುವುದೇಕೆ ಎಂದು ಗಾಬರಿಯಾಗುವವರಿಗೆ ಉತ್ತರ ಇದೇ. ಶಕ್ತಿ ನೇಮ್‌ಪ್ಲೇಟಿನಲ್ಲಿ ಬರೆದಿರುವುದರ ಸುಮಾರು 70 ಪ್ರತಿಶತ ಸಿಕ್ಕರೆ ಹೆಚ್ಚು. ಶುರುವಿನ ಟಾರ್ಕ್, ಅಂದರೆ ತಿರುಗಿಸುವ ಬಲ, ತೀರ ಕಡಿಮೆ. ಸ್ಟ್ಯಾಟಿಕ್ ಕನ್ವರ್ಟರ್ ಎಂದು ಮಾರುವ ಪೆಟ್ಟಿಗೆಗಳಲ್ಲಿ ಅನೇಕವು ಶುರುವಿಗೆ ಮಾತ್ರ ಕೆಪಾಸಿಟರ್ ಕೊಟ್ಟು, ಮೋಟಾರು ವೇಗ ಹಿಡಿದ ಕೂಡಲೇ ಅದನ್ನು ಕಳಚಿಬಿಡುತ್ತವೆ. ಆಮೇಲೆ ಮೋಟಾರು ಒಂದೇ ಫೇಸಿನಲ್ಲಿ ಏದುಸಿರು ಬಿಡುತ್ತ ಓಡುತ್ತದೆ. ದಿನಕ್ಕೊಮ್ಮೆ ಹತ್ತು ನಿಮಿಷ ಬಳಸುವ ಡ್ರಿಲ್ಲಿಂಗ್ ಯಂತ್ರಕ್ಕೆ ಇದು ಸಾಕು. ಲೇತಿಗೆ ನಾನು ಸಲಹೆ ಮಾಡುವುದಿಲ್ಲ.

ಎರಡನೆಯದು ರೋಟರಿ ಕನ್ವರ್ಟರ್. ಕೆಲಸ ಮಾಡುವ ಮೋಟಾರಿನ ಜೊತೆಗೆ ಇನ್ನೊಂದು ಮೂರು ಫೇಸಿನ ಮೋಟಾರನ್ನು ಹೊರೆಯಿಲ್ಲದೆ ಓಡಲು ಬಿಡುತ್ತಾರೆ. ಅದರ ಎರಡು ತುದಿಗಳಿಗೆ ಮನೆಯ ವಿದ್ಯುತ್ತು ಕೊಟ್ಟು ಹೇಗಾದರೂ ಶುರು ಮಾಡಿಸಿದರೆ, ತಿರುಗುತ್ತಿರುವ ರೋಟಾರು ಮೂರನೆಯ ತುದಿಯಲ್ಲಿ ತಾನೇ ವೋಲ್ಟೇಜು ಹುಟ್ಟಿಸುತ್ತದೆ. ಸಂಗ್ರಹ ಎಲ್ಲಿದೆ ಎಂದರೆ ಆ ರೋಟಾರಿನ ತೂಕ ಮತ್ತು ವೇಗದಲ್ಲಿ. ಸರಳ, ಗಟ್ಟಿ, ಎಲೆಕ್ಟ್ರಾನಿಕ್ಸ್ ಇಲ್ಲ, ಒಂದರಿಂದ ಹಲವು ಯಂತ್ರಗಳನ್ನು ನಡೆಸಬಹುದು. ಮನೆಗೆ ಎರಡು ಲೈವ್ ತಂತಿಗಳ ನಡುವೆ 240 ವೋಲ್ಟ್ ಬರುವ ಉತ್ತರ ಅಮೆರಿಕದಲ್ಲಿ ಇದು ಇಂದಿಗೂ ಜನಪ್ರಿಯ, ಏಕೆಂದರೆ ಅಲ್ಲಿನ ಬಹಳಷ್ಟು ಯಂತ್ರಗಳ ಮೋಟಾರನ್ನು ಅದೇ ವೋಲ್ಟೇಜಿಗೆ ಜೋಡಿಸಿಕೊಳ್ಳಬಹುದು. 230 ವೋಲ್ಟಿನ ಮನೆಯಲ್ಲಿ 400 ವೋಲ್ಟಿನ ಯಂತ್ರ ನಡೆಸಬೇಕಾದರೆ ಮೊದಲು ಒಂದು ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.

ರೋಟರಿಯಲ್ಲಿ ಎರಡು ಎಚ್ಚರಿಕೆಗಳು ಮುಖ್ಯ. ಹೊರೆಯಿಲ್ಲದೆ ಓಡುವ ಮೋಟಾರು ನಿಮ್ಮ ಅತಿ ದೊಡ್ಡ ಯಂತ್ರದ ಮೋಟಾರಿಗಿಂತ ದೊಡ್ಡದಾಗಿರಬೇಕು. ಒಂದೂವರೆ ಪಟ್ಟು ಇದ್ದರೆ ನೆಮ್ಮದಿ. ಮೂರನೆಯ ಫೇಸಿನ ವೋಲ್ಟೇಜು ಉಳಿದೆರಡಕ್ಕೆ ಸರಿಸಮನಾಗಿ ಇರುವುದಿಲ್ಲ, ಹೊರೆಯೊಂದಿಗೆ ಏರುಪೇರಾಗುತ್ತದೆ. ಕೆಪಾಸಿಟರ್ ಸೇರಿಸಿ ಹತ್ತಿರಕ್ಕೆ ತರಬೇಕು. ವೋಲ್ಟೇಜಿನಲ್ಲಿ 1 ಪ್ರತಿಶತ ಅಸಮತೋಲನವಿದ್ದರೆ ಕರೆಂಟಿನಲ್ಲಿ ಅದರ 6ರಿಂದ 10 ಪಟ್ಟು ಅಸಮತೋಲನ ಬರುತ್ತದೆ, ಹಾಗಾಗಿ ಇದು ಚಿಕ್ಕ ವಿಷಯವಲ್ಲ. ಇದೇ ಕಾರಣಕ್ಕೆ ಯಂತ್ರದ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದಲೇ ಕೂಡಿ ಕಳಚುವ ದೊಡ್ಡ ಸ್ವಿಚ್ಚು) ಕಾಯಿಲ್, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ಗಳನ್ನು ಹುಟ್ಟಿಸಿದ ಫೇಸಿಗೆ ಸೇರಿಸಬಾರದು. ನಿಜವಾದ ಎರಡು ತಂತಿಗಳ ನಡುವೆಯೇ ಸೇರಿಸಬೇಕು.

ಮೂರನೆಯದು ವಿಎಫ್‌ಡಿ, ಅಂದರೆ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಇನ್ವರ್ಟರ್ ಡ್ರೈವ್ ಎಂದೂ ಹೇಳುತ್ತಾರೆ. ಒಂದು ಯಂತ್ರಕ್ಕೆ, ಒಂದು ಮೋಟಾರಿಗೆ, ಸುಮಾರು 2.2 ಕಿಲೋವಾಟಿನವರೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಬರುವ ವಿದ್ಯುತ್ತನ್ನು ಡಯೋಡುಗಳು ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಮಾಡುತ್ತವೆ. 230 ವೋಲ್ಟಿನ ಅಲೆಯ ಶಿಖರ 325 ವೋಲ್ಟ್. ಒಳಗಿನ ದೊಡ್ಡ ಕೆಪಾಸಿಟರುಗಳು ಆ ಮಟ್ಟಕ್ಕೆ ತುಂಬಿಕೊಳ್ಳುತ್ತವೆ. 1000 ಮೈಕ್ರೋಫ್ಯಾರಡ್ ಇದ್ದರೆ ಅದರಲ್ಲಿ ಸುಮಾರು 53 ಜೂಲ್ ಇರುತ್ತದೆ. ನಮಗೆ ಬೇಕಾಗಿದ್ದ 15 ಜೂಲಿನ ಸಂಗ್ರಹ ಇದೇ, ಅದೂ ಧಾರಾಳವಾಗಿ. ಆ ಡಿಸಿಯನ್ನು ಆರು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ 120 ಡಿಗ್ರಿ ಅಂತರದ ಮೂರು ಫೇಸುಗಳನ್ನು ಹೊಸದಾಗಿ ಹೆಣೆಯುತ್ತವೆ. ಮೂರೂ ಸರಿಸಮ. ಆವರ್ತನ ನಿಮ್ಮ ಕೈಯಲ್ಲಿದೆ, ಆದ್ದರಿಂದ ವೇಗವೂ ನಿಮ್ಮ ಕೈಯಲ್ಲಿದೆ. ನೇರವಾಗಿ ಶುರು ಮಾಡಿದ ಮೋಟಾರು ಮೊದಲ ಕ್ಷಣದಲ್ಲಿ ತನ್ನ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಇದರಲ್ಲಿ ನಿಧಾನವಾಗಿ ವೇಗ ಹಿಡಿಯುವುದರಿಂದ ಮನೆಯ ದೀಪಗಳು ಮಂಕಾಗುವುದಿಲ್ಲ.

ಒಂದೇ ಷರತ್ತು: 230 ವೋಲ್ಟ್ ಒಳಬರುವ ಸಾಮಾನ್ಯ ವಿಎಫ್‌ಡಿಯಿಂದ ಹೊರಬರುವುದು ಮೂರು ಫೇಸಿನ 230 ವೋಲ್ಟ್. 400 ಅಲ್ಲ. ಇದು ಗೊತ್ತಿಲ್ಲದೆ ಕೊಂಡವರಿಗೆ ಮೋಟಾರು ತಿರುಗುತ್ತದೆ, ಆದರೆ ಕೈಯಿಂದ ಹಿಡಿದರೆ ನಿಂತುಹೋಗುವಷ್ಟು ದುರ್ಬಲ ಅನಿಸುತ್ತದೆ. 400 ವೋಲ್ಟಿಗೆ ಜೋಡಿಸಿದ ಮೋಟಾರಿಗೆ 230 ಕೊಟ್ಟರೆ ಟಾರ್ಕ್ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿಂದ ಎರಡನೆಯ ಪ್ರಶ್ನೆ ಆರಂಭ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇಲ್ಲಿದೆ.

ಮೋಟಾರಿನ ಮೈಮೇಲಿನ ಲೋಹದ ಫಲಕವನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ ಓದಿ. 230/400 ವೋಲ್ಟ್ ಎಂದಿದ್ದು, ಪಕ್ಕದಲ್ಲಿ ತ್ರಿಕೋನ ಮತ್ತು ಮೂರು ಕವಲಿನ ಚಿಹ್ನೆಗಳಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಒಂದೊಂದು ಸುರುಳಿಯೂ 230 ವೋಲ್ಟಿಗೆ ಸುತ್ತಿದ್ದು ಎಂದು ಅದರ ಅರ್ಥ. ಕಾರ್ಖಾನೆಯಲ್ಲಿ ಸ್ಟಾರ್ ಜೋಡಣೆಯಲ್ಲಿ, ಅಂದರೆ ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಬಿಂದುವಿನಲ್ಲಿ ಕೂಡಿದಂತೆ, 400 ವೋಲ್ಟಿನಲ್ಲಿ ಓಡುತ್ತಿತ್ತು. ಡೆಲ್ಟಾಕ್ಕೆ ಬದಲಿಸಿದರೆ 230ರಲ್ಲಿ ಪೂರ್ತಿ ಶಕ್ತಿಯಿಂದ ಓಡುತ್ತದೆ. ಕರೆಂಟನ್ನೂ ಎರಡು ಸಂಖ್ಯೆಗಳಲ್ಲಿ ಬರೆದಿರುತ್ತಾರೆ, 1.5 ಕಿಲೋವಾಟಿಗೆ ಉದಾಹರಣೆಗೆ 6.0/3.5 ಆಂಪಿಯರ್. ಡೆಲ್ಟಾದಲ್ಲಿ ದೊಡ್ಡ ಸಂಖ್ಯೆ ಲೆಕ್ಕಕ್ಕೆ.

ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಎರಡು ಸಾಲಿನಲ್ಲಿ ಆರು ಹಿತ್ತಾಳೆ ಬೋಲ್ಟುಗಳು ಕಾಣುತ್ತವೆ. ಕೆಳಸಾಲಿನಲ್ಲಿ ಯು1, ವಿ1, ಡಬ್ಲ್ಯು1. ಮೇಲ್ಸಾಲಿನಲ್ಲಿ ಬೇಕೆಂದೇ ಒಂದು ಸ್ಥಾನ ಸರಿಸಿ ಡಬ್ಲ್ಯು2, ಯು2, ವಿ2. ಸ್ಟಾರಿನಲ್ಲಿ ಮೇಲಿನ ಮೂರನ್ನು ಅಡ್ಡಲಾಗಿ ಹಿತ್ತಾಳೆ ಪಟ್ಟಿಗಳು ಸೇರಿಸಿರುತ್ತವೆ. ಅವನ್ನು ಬಿಚ್ಚಿ ಅದೇ ಪಟ್ಟಿಗಳನ್ನು ನಿಲುವಾಗಿ, ಮೇಲಿನದಕ್ಕೆ ಕೆಳಗಿನದು ಎಂದು ಮೂರು ಕಡೆ ಕೂರಿಸಿದರೆ ಡೆಲ್ಟಾ. ಮೇಲ್ಸಾಲನ್ನು ಸರಿಸಿಟ್ಟದ್ದು ಈ ಅನುಕೂಲಕ್ಕಾಗಿಯೇ. ವಾಷರುಗಳ ಮೇಲಿನ ಕಿಲುಬನ್ನು ಉಜ್ಜಿ ತೆಗೆಯಿರಿ, ನಟ್ಟುಗಳನ್ನು ಬಿಗಿಯಾಗಿ ತಿರುಗಿಸಿ, ಒಂದು ಪಟ್ಟಿಯೂ ಪೆಟ್ಟಿಗೆಯ ಮೈಗೆ ತಾಗದಂತೆ ನೋಡಿಕೊಳ್ಳಿ. ಕೆಲಸ ಮುಗಿಯಿತು.

ಹಳೆಯ ಯಂತ್ರಗಳಲ್ಲಿ ಎಷ್ಟೋ ಬಾರಿ ಈ ಆರು ಬೋಲ್ಟುಗಳು ಇರುವುದೇ ಇಲ್ಲ. ಮೂರೇ ತಂತಿಗಳು ಹೊರಬಂದಿರುತ್ತವೆ, ಫಲಕದಲ್ಲಿ ಒಂದೇ ವೋಲ್ಟೇಜು ಬರೆದಿರುತ್ತದೆ. ಸ್ಟಾರಿನ ಕೂಡುಬಿಂದು ಒಳಗೆ, ಸುರುಳಿಗಳ ನಡುವೆ ಹೂತಿರುತ್ತದೆ. ಅದನ್ನು ಹೊರತೆಗೆಯಬಹುದು. ಮೋಟಾರಿನ ಒಂದು ಬದಿಯ ಮುಚ್ಚಳ ಕಳಚಿ, ರೋಟಾರನ್ನು ಸುರುಳಿಗೆ ತಾಗಿಸದೆ ಹೊರಗೆಳೆಯಿರಿ. ಸುರುಳಿಗಳ ತಲೆ ಸುತ್ತ ದಾರದಿಂದ ಹೊಲಿದು ವಾರ್ನಿಷಿನಲ್ಲಿ ಅದ್ದಿರುತ್ತಾರೆ. ಹೊರಗೆ ಹೋಗುವ ಮೂರು ತಂತಿಗಳು ಸುರುಳಿಯನ್ನು ಸೇರುವ ಮೂರು ತೋಳುಗಳು ಕಾಣುತ್ತವೆ. ಅವನ್ನು ಬಿಟ್ಟು, ಮೂರು ತಂತಿಗಳು ಒಂದೇ ತೋಳಿನೊಳಗೆ ಹೋಗಿ ಬೆಸುಗೆಯಲ್ಲಿ ಕೊನೆಯಾಗುವ ನಾಲ್ಕನೆಯ ಒಂದು ಗಂಟನ್ನು ಹುಡುಕಬೇಕು. ಅದೇ ಸ್ಟಾರ್. ಬಿಸಿಗಾಳಿಯ ಗನ್ನಿನಿಂದ ಅಲ್ಲಿನ ವಾರ್ನಿಷನ್ನು ಮೆತ್ತಗೆ ಮಾಡಿ, ದಾರವನ್ನು ಒಂದೊಂದೇ ಎಳೆ ಕತ್ತರಿಸುತ್ತ, ತಂತಿಯ ಮೇಲಿನ ಇನಾಮಲ್ ಗೀರದಂತೆ ಗಂಟನ್ನು ಮೇಲಕ್ಕೆತ್ತಬೇಕು. ಆತುರಪಟ್ಟರೆ ಪಕ್ಕದ ಸುರುಳಿ ಕೆಡುತ್ತದೆ, ಆಮೇಲೆ ಇಡೀ ಮೋಟಾರಿಗೆ ಹೊಸದಾಗಿ ವೈಂಡಿಂಗ್ ಮಾಡಿಸುವುದೊಂದೇ ಉಳಿಯುತ್ತದೆ.

ಗಂಟು ಬಿಡಿಸಿದ ಮೇಲೆ ಮೂರು ತುದಿಗಳಿಗೂ ಶಾಖ ತಡೆಯುವ ಹೊದಿಕೆಯ ಮೃದು ತಂತಿಯನ್ನು ಬೆಸೆದು, ಗ್ಲಾಸ್ ಫೈಬರ್ ತೋಳು ಹಾಕಿ, ಮತ್ತೆ ದಾರದಿಂದ ಬಿಗಿದು, ವಾರ್ನಿಷ್ ಬಳಿದು ಹೊರಗೆ ತನ್ನಿ. ಈಗ ಮಲ್ಟಿಮೀಟರಿನಿಂದ ಜೋಡಿಗಳನ್ನು ಪತ್ತೆಮಾಡಿ: ಯಾವ ಹಳೆಯ ತಂತಿಗೂ ಯಾವ ಹೊಸ ತಂತಿಗೂ ನಡುವೆ ಸಂಪರ್ಕವಿದೆಯೋ ಅವು ಒಂದೇ ಸುರುಳಿಯ ಎರಡು ತುದಿಗಳು. ಹಳೆಯ ಮೂರಕ್ಕೆ 1 ಎಂದೂ ಹೊಸ ಮೂರಕ್ಕೆ 2 ಎಂದೂ ಚೀಟಿ ಕಟ್ಟಿದರೆ ದಿಕ್ಕಿನ ಗೊಂದಲ ಬರುವುದಿಲ್ಲ, ಏಕೆಂದರೆ ಗಂಟಿನಲ್ಲಿದ್ದದ್ದು ಮೂರು ಸುರುಳಿಗಳ ಒಂದೇ ಬದಿಯ ತುದಿಗಳು. ಒಂದು ಸುರುಳಿ ತಿರುಗುಮುರುಗಾದರೂ ಮೋಟಾರು ಗುಂಯ್‌ಗುಟ್ಟುತ್ತ ಕರೆಂಟು ನುಂಗುತ್ತದೆ. ಕೈ ನಡುಗುವವರು ಈ ಕೆಲಸವನ್ನು ಮೋಟಾರು ವೈಂಡಿಂಗ್ ಮಾಡುವವರಿಗೆ ಒಪ್ಪಿಸುವುದು ಒಳ್ಳೆಯದು. ಅವರಿಗೆ ಇದು ದಿನನಿತ್ಯದ ಕೆಲಸ.

ಆರು ತುದಿಗಳಿದ್ದ ಮಾತ್ರಕ್ಕೆ ಸ್ಟಾರ್–ಡೆಲ್ಟಾ ಮೋಟಾರು ಎಂದು ತಿಳಿಯಬೇಡಿ. ಫಲಕದಲ್ಲಿ 1420/2850 ಎಂಬಂತೆ ಎರಡು ವೇಗಗಳಿದ್ದರೆ ಅದು ಡಾಲಾಂಡರ್ ಬಗೆಯ ಎರಡು ವೇಗದ ಮೋಟಾರು. ಅದಕ್ಕೂ ಆರು ತುದಿಗಳೇ, ಆದರೆ ಸುರುಳಿಗಳು ಒಳಗೇ ಬೇರೆ ಬಗೆಯಲ್ಲಿ ಕೂಡಿಕೊಂಡಿವೆ. ಅದನ್ನು ಪಟ್ಟಿ ಬದಲಿಸಿ 230 ವೋಲ್ಟಿಗೆ ತರಲಾಗುವುದಿಲ್ಲ. ಫಲಕದಲ್ಲಿ 400/690 ಎಂದಿದ್ದರೂ ಅಷ್ಟೆ. ಅದರ ಡೆಲ್ಟಾವೇ 400 ವೋಲ್ಟಿನದು. ಇಂಥ ಮೋಟಾರುಗಳಿಗೆ ಒಳಗೇ ವೋಲ್ಟೇಜನ್ನು ಇಮ್ಮಡಿಸಿ 400 ವೋಲ್ಟ್ ಹೊರಗೆ ಕೊಡುವ ವಿಎಫ್‌ಡಿಗಳು ಸಿಗುತ್ತವೆ. ಅಥವಾ 230/400ರ ಹೊಸ ಮೂರು ಫೇಸ್ ಮೋಟಾರನ್ನೇ ಕೂರಿಸಬಹುದು. ಅಂತರರಾಷ್ಟ್ರೀಯ ಅಳತೆಯ ಮೋಟಾರುಗಳಲ್ಲಿ ಫ್ರೇಮ್ ಸಂಖ್ಯೆಯೇ ಪಾದದಿಂದ ಶಾಫ್ಟಿನ ನಡುವಿನವರೆಗಿನ ಎತ್ತರ: 90 ಎಂದರೆ 90 ಮಿಲಿಮೀಟರ್. ಹಳೆಯದನ್ನು ಅಳೆದು ಅದೇ ಫ್ರೇಮಿನದನ್ನು ತಂದರೆ ಹೆಚ್ಚಿನ ಸಲ ಅದೇ ರಂಧ್ರಗಳಲ್ಲಿ ಕೂರುತ್ತದೆ.

ಇನ್ನು ಯಂತ್ರದ ಸ್ವಿಚ್ಚುಗಳ ಕಡೆ. ಲೇತಿನ ಮುಂದುಹಿಂದು ಸ್ವಿಚ್ಚನ್ನು ಹಾಗೆಯೇ ಬಿಟ್ಟು ಅದರ ಹಿಂದೆ ವಿಎಫ್‌ಡಿ ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹಾಗೆ ಮಾಡಬಾರದು. ವಿಎಫ್‌ಡಿಯಿಂದ ಮೋಟಾರಿಗೆ ತಂತಿ ನೇರವಾಗಿ ಹೋಗಬೇಕು, ನಡುವೆ ಸ್ವಿಚ್ಚಾಗಲಿ ಕಾಂಟ್ಯಾಕ್ಟರಾಗಲಿ ಇರಬಾರದು. ಓಡುತ್ತಿರುವಾಗ ಅಲ್ಲಿ ಸಂಪರ್ಕ ಕಡಿದು ಮತ್ತೆ ಕೂಡಿಸಿದರೆ ಟ್ರಾನ್ಸಿಸ್ಟರುಗಳು ಸುಡುವ ಅಪಾಯವಿದೆ. ಯಂತ್ರದ ದೀಪ, ಕೂಲೆಂಟ್ ಪಂಪು, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಯಾವುದನ್ನೂ ವಿಎಫ್‌ಡಿಯ ಹೊರದಾರಿಗೆ ಸೇರಿಸಬೇಡಿ. ಅದು ನಯವಾದ ಅಲೆಯಲ್ಲ, ಕತ್ತರಿಸಿದ ಡಿಸಿ. ಹಳೆಯ ಸ್ವಿಚ್ಚನ್ನು ಎಸೆಯಬೇಕಿಲ್ಲ. ಅದರ ದಪ್ಪ ತಂತಿಗಳನ್ನು ಬಿಚ್ಚಿ, ವಿಎಫ್‌ಡಿಯ ಕಡಿಮೆ ವೋಲ್ಟೇಜಿನ ಕಂಟ್ರೋಲ್ ಟರ್ಮಿನಲ್ಲುಗಳಿಗೆ ತೆಳು ತಂತಿಯಿಂದ ಜೋಡಿಸಿದರೆ ಅದೇ ಹಿಡಿ, ಅದೇ ಕೈಯಭ್ಯಾಸ ಉಳಿಯುತ್ತದೆ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ತಿರುಗಲು ಶುರುವಾಗಬಾರದು. ಕಾರ್ಖಾನೆಯ ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟರ್ ಕಳಚಿಕೊಂಡು ಈ ರಕ್ಷಣೆ ತಾನಾಗಿ ಸಿಗುತ್ತಿತ್ತು. ವಿಎಫ್‌ಡಿಗೆ ಬದಲಿಸಿದಾಗ ನೀವು ಅದನ್ನು ಗೊತ್ತಿಲ್ಲದೆ ಕಿತ್ತುಹಾಕಿರುತ್ತೀರಿ. ಒತ್ತಿ ಬಿಡುವ ಸ್ಟಾರ್ಟ್ ಗುಂಡಿ ಮತ್ತು ಸ್ಟಾಪ್ ಗುಂಡಿಯ ಮೂರು ತಂತಿಯ ಕ್ರಮವನ್ನು ಬಳಸಿ, ಅಥವಾ ವಿದ್ಯುತ್ತು ಬಂದಾಗ ಸ್ವಿಚ್ಚು ಓಡುವ ಸ್ಥಾನದಲ್ಲಿದ್ದರೂ ಹೊರಡದಂತೆ ತಡೆಯುವ ಸೆಟ್ಟಿಂಗ್ ಹಾಕಿ. ಚಕ್ಕಿನಲ್ಲಿ (ಕೆಲಸದ ತುಂಡನ್ನು ಹಿಡಿದು ತಿರುಗುವ ಹಿಡಿತ) ಕೀ ಸಿಕ್ಕಿಸಿ ಕೆಲಸ ಜೋಡಿಸುತ್ತಿರುವ ಹೊತ್ತಿಗೆ ಕರೆಂಟು ಮರಳಿ ಬಂದರೆ ಏನಾದೀತು ಎಂದು ಯೋಚಿಸಿ, ಇದನ್ನು ಯಂತ್ರ ಓಡಿಸುವ ಮೊದಲೇ ಪರೀಕ್ಷಿಸಿ ನೋಡಿ. ಎಮರ್ಜೆನ್ಸಿ ಗುಂಡಿಯನ್ನು ವಿಎಫ್‌ಡಿಯಲ್ಲಿ ಟಾರ್ಕ್ ಕಡಿಯುವ ಸುರಕ್ಷಾ ಟರ್ಮಿನಲ್ ಇದ್ದರೆ ಅದಕ್ಕೆ, ಇಲ್ಲವಾದರೆ ಒಳಬರುವ ವಿದ್ಯುತ್ತನ್ನು ಕಡಿಯುವ ಕಾಂಟ್ಯಾಕ್ಟರಿಗೆ ಕೊಡಿ.

ಬೇಗ ನಿಲ್ಲಿಸುವ ಆಸೆಗೂ ಮಿತಿ ಇರಲಿ. ಹಲವು ಹಳೆಯ ಲೇತುಗಳಲ್ಲಿ ಚಕ್ಕನ್ನು ಸ್ಪಿಂಡಲ್ಲಿಗೆ, ಅಂದರೆ ಅದನ್ನು ತಿರುಗಿಸುವ ದಂಡಕ್ಕೆ, ತಿರುಪಿನಂತೆ ಥ್ರೆಡ್ಡಿನಲ್ಲಿ ತಿರುಗಿಸಿ ಕೂರಿಸಿರುತ್ತಾರೆ. ಒಂದೇ ಸೆಕೆಂಡಿನಲ್ಲಿ ನಿಲ್ಲುವಂತೆ ಹೊಂದಿಸಿದರೆ ಸ್ಪಿಂಡಲ್ ನಿಲ್ಲುತ್ತದೆ, ಭಾರದ ಚಕ್ ನಿಲ್ಲದೆ ತಾನೇ ಬಿಚ್ಚಿಕೊಂಡು ಹೊರಗೆ ಉರುಳುತ್ತದೆ. ಹಿಮ್ಮುಖ ತಿರುಗಿಸುವಾಗಲೂ ಇದೇ ಅಪಾಯ. ಇಂಥ ಲೇತಿಗೆ ನಿಲ್ಲುವ ಸಮಯವನ್ನು ಹಲವು ಸೆಕೆಂಡುಗಳಿಗೆ ಬಿಡಿ, ಬೇಗ ನಿಲ್ಲಿಸಲು ಹಾಕುವ ಬ್ರೇಕ್ ರೆಸಿಸ್ಟರಿನ ಗೊಡವೆ ಬೇಡ.

ವೇಗ ಬದಲಿಸುವ ಗುಂಡಿ ಸಿಕ್ಕಿತೆಂದು ಗೇರು, ಬೆಲ್ಟುಗಳನ್ನು ಮರೆಯುವವರನ್ನು ಕಂಡರೆ ನನಗೆ ಬೇಸರ. 1.5 ಕಿಲೋವಾಟಿನ, ನಿಮಿಷಕ್ಕೆ 1440 ಸುತ್ತಿನ ಮೋಟಾರು ಕೊಡುವ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್. 10 ಹರ್ಟ್ಸಿಗೆ ಇಳಿಸಿದರೆ ವೇಗ ಸುಮಾರು 240 ಸುತ್ತು, ಟಾರ್ಕ್ ಹೆಚ್ಚೆಂದರೆ ಅದೇ 10. ಅಂದರೆ ನಿಮ್ಮ ಕೈಯಲ್ಲಿರುವುದು ಬರೀ 250 ವಾಟಿನ ಯಂತ್ರ. ಅದೇ 240 ಸುತ್ತನ್ನು ಮೋಟಾರು 50 ಹರ್ಟ್ಸಿನಲ್ಲಿ ಓಡುತ್ತಿರುವಾಗ 6:1ರ ಬ್ಯಾಕ್ ಗೇರಿನಿಂದ ಪಡೆದರೆ 60 ನ್ಯೂಟನ್ ಮೀಟರ್. ದೊಡ್ಡ ವ್ಯಾಸದ ಉಕ್ಕನ್ನು ಕೊಚ್ಚುವಾಗ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಜೊತೆಗೆ ಮೋಟಾರಿನ ಫ್ಯಾನು ಅದರ ಶಾಫ್ಟಿನ ಮೇಲೆಯೇ ಇರುವುದರಿಂದ ನಿಧಾನವಾದಷ್ಟೂ ಗಾಳಿ ಕಡಿಮೆ. ತುಂಬ ಹೊತ್ತು 20 ಹರ್ಟ್ಸಿಗಿಂತ ಕೆಳಗೆ ಹೊರೆ ಹೊತ್ತು ಓಡಿಸಿದರೆ ಸುರುಳಿ ಬೇಯುತ್ತದೆ. ಗೇರಿನಲ್ಲಿ ಹತ್ತಿರದ ವೇಗ ಹಿಡಿದು, ಗುಂಡಿಯಿಂದ ಅತ್ತಿತ್ತ ಹೊಂದಿಸಿಕೊಳ್ಳುವುದು ನನ್ನ ಕ್ರಮ. ಕತ್ತರಿಸುವ ಉಳಿಯ ತುದಿ ಕಿರುಗುಟ್ಟಲು ಶುರುವಾದಾಗ ವೇಗವನ್ನು ಸ್ವಲ್ಪ ಇಳಿಸಿ ಆ ಸದ್ದನ್ನು ಅಡಗಿಸುವ ಸುಖ ಗೇರಿನಿಂದ ಮಾತ್ರ ಸಿಗುತ್ತಿರಲಿಲ್ಲ.

ಮನೆಯ ಕಡೆಯ ವೈರಿಂಗಿಗೂ ಲೆಕ್ಕ ಬೇಕು. ವಿಎಫ್‌ಡಿ ಅಲೆಯ ಶಿಖರದ ಬಳಿ ಮಾತ್ರ, ಗುಟುಕು ಗುಟುಕಾಗಿ ಕರೆಂಟು ಎಳೆಯುತ್ತದೆ. ಆದ್ದರಿಂದ 2.2 ಕಿಲೋವಾಟಿನ ಡ್ರೈವು ಪೂರ್ತಿ ಹೊರೆಯಲ್ಲಿ 20 ಆಂಪಿಯರಿಗೂ ಹೆಚ್ಚು ಎಳೆಯಬಹುದು. 16 ಆಂಪಿಯರಿನ ಸಾಕೆಟ್ಟು ಅದಕ್ಕೆ ಸಾಲದು. ಅದಕ್ಕೆಂದೇ ಪ್ರತ್ಯೇಕ ಲೈನು, ತಕ್ಕ ದಪ್ಪದ ತಂತಿ, ತಕ್ಕ ಎಂಸಿಬಿ ಹಾಕಿಸಿ. ಇದು ಅರ್ಹ ಎಲೆಕ್ಟ್ರಿಷಿಯನ್ನರ ಕೆಲಸ. ವಿಎಫ್‌ಡಿಯ ಫಿಲ್ಟರುಗಳು ಸ್ವಲ್ಪ ಕರೆಂಟನ್ನು ಸಹಜವಾಗಿಯೇ ಅರ್ಥ್ ತಂತಿಗೆ ಬಿಡುತ್ತವೆ, ಅದಕ್ಕೆ ಮನೆಯ ಸೋರಿಕೆ ರಕ್ಷಕ ಬಿದ್ದುಹೋಗಬಹುದು. ಕೈಪಿಡಿಯಲ್ಲಿ ಹೇಳಿದ ಬಗೆಯ ಸೋರಿಕೆ ರಕ್ಷಕವನ್ನು ಆ ಲೈನಿಗೆ ಹಾಕಿಸುವುದು ಪರಿಹಾರ. ಅರ್ಥ್ ತಂತಿಯನ್ನು ಕಳಚಿ ಆ ರಕ್ಷಕದ ಬಾಯಿ ಮುಚ್ಚಿಸುವವರಿದ್ದಾರೆ. ಎರಕದ ಕಬ್ಬಿಣದ ದೊಡ್ಡ ಯಂತ್ರವನ್ನು ಎರಡೂ ಕೈಗಳಿಂದ ಹಿಡಿದು ನಿಲ್ಲುವವರು ಅಂಥದ್ದನ್ನು ಎಂದೂ ಮಾಡಬಾರದು.

ಮತ್ತೆ ಆ 53 ಜೂಲ್. ಯಂತ್ರವನ್ನು ಓಡಿಸುವ ಆ ಸಂಗ್ರಹ ಸ್ವಿಚ್ಚು ಆರಿಸಿದ ಮೇಲೂ ಅಲ್ಲೇ ಇರುತ್ತದೆ, 325 ವೋಲ್ಟಿನಲ್ಲಿ. ಮುಚ್ಚಳ ತೆಗೆಯುವ ಮುನ್ನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ದೀಪ ಆರಿತೆಂದು ನಂಬದೆ ಡಿಸಿ ಟರ್ಮಿನಲ್ಲುಗಳನ್ನು ಮೀಟರಿನಿಂದ ಅಳೆದೇ ಕೈ ಹಾಕಿ.

ಸಭೆಯಿಂದ ಒಂದು ಒಳ್ಳೆಯ ಪ್ರಶ್ನೆ ಬಂತು: ಕತ್ತರಿಸಿದ ಅಲೆಯಿಂದ ಹಳೆಯ ಮೋಟಾರಿನ ಇನ್ಸುಲೇಷನ್ ಹಾಳಾಗುವುದಿಲ್ಲವೇ? 400 ವೋಲ್ಟಿನ ಡ್ರೈವುಗಳಲ್ಲಿ ಒಳಗಿನ ಡಿಸಿ 560 ವೋಲ್ಟಿನ ಆಸುಪಾಸಿಗೆ ಏರುತ್ತದೆ, ತಂತಿ ಉದ್ದವಾದರೆ ಮೋಟಾರಿನ ಬಾಗಿಲಲ್ಲಿ ಅಲೆಗಳು ಪ್ರತಿಫಲಿಸಿ ಇನ್ನೂ ಏರುತ್ತದೆ. ಅಲ್ಲಿ ಈ ಚಿಂತೆ ಸರಿಯೇ. ಡೆಲ್ಟಾದಲ್ಲಿ 230 ವೋಲ್ಟಿಗೆ ಜೋಡಿಸಿದ ಮೋಟಾರಿನಲ್ಲಿ ಡಿಸಿ 325 ಮಾತ್ರ, ಮನೆಯ ಶೆಡ್ಡಿನಲ್ಲಿ ತಂತಿಯ ಉದ್ದ ಒಂದೆರಡು ಮೀಟರ್. ಆರೋಗ್ಯವಾಗಿರುವ ಮೋಟಾರು ಅದನ್ನು ತಡೆಯುತ್ತದೆ. ಆದರೂ ಮೊದಲ ಸಲ ಜೋಡಿಸುವ ಮುನ್ನ, ವಿಎಫ್‌ಡಿಯನ್ನು ಬೇರ್ಪಡಿಸಿ, ಸುರುಳಿಗೂ ಮೋಟಾರಿನ ಮೈಗೂ ನಡುವಿನ ಇನ್ಸುಲೇಷನ್ನನ್ನು 500 ವೋಲ್ಟಿನ ಮೆಗ್ಗರ್ ಎಂಬ ಇನ್ಸುಲೇಷನ್ ಮೀಟರಿನಿಂದ ಅಳೆಯಿರಿ. ತೇವದ ಜಾಗದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮೋಟಾರಿನಲ್ಲಿ ಅದು 1 ಮೆಗಾಓಮಿಗಿಂತ ಕೆಳಗಿದ್ದರೆ ಬಿಸಿಯಾದ ಒಣ ಜಾಗದಲ್ಲಿಟ್ಟು ಒಣಗಿಸಿ ಮತ್ತೆ ಅಳೆಯಿರಿ.

ಇಷ್ಟಾದ ಮೇಲೆ ಬೆಲ್ಟ್ ಕಳಚಿ, ಫಲಕದ ವೋಲ್ಟೇಜು, ಡೆಲ್ಟಾದ ಕರೆಂಟು, ಆವರ್ತನ, ವೇಗಗಳನ್ನು ವಿಎಫ್‌ಡಿಗೆ ತುಂಬಿ, 5 ಹರ್ಟ್ಸಿನಲ್ಲಿ ಓಡಿಸಿ. ಶಾಫ್ಟ್ ಸದ್ದಿಲ್ಲದೆ, ಎಳೆತವಿಲ್ಲದೆ ತಿರುಗಬೇಕು. ನಿಧಾನವಾಗಿ 50ಕ್ಕೆ ಏರಿಸಿ ಕರೆಂಟನ್ನು ವಿಎಫ್‌ಡಿಯ ಪರದೆಯಲ್ಲೇ ನೋಡಿ; ಸಾಧಾರಣ ಕ್ಲಾಂಪ್ ಮೀಟರುಗಳು ಈ ಕತ್ತರಿಸಿದ ಅಲೆಯನ್ನು ತಪ್ಪಾಗಿ ಓದುತ್ತವೆ. ತಿರುಗುವ ದಿಕ್ಕು ಉಲ್ಟಾ ಆಗಿದ್ದರೆ ವಿದ್ಯುತ್ತು ಆರಿಸಿ, ಕೆಪಾಸಿಟರುಗಳು ಬರಿದಾಗುವವರೆಗೆ ಕಾದು, ಮೋಟಾರಿಗೆ ಹೋಗುವ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿ. ಒಳಬರುವ ಫೇಸ್ ಮತ್ತು ನ್ಯೂಟ್ರಲ್ ಬದಲಿಸಿದರೆ ದಿಕ್ಕು ಬದಲಾಗುವುದಿಲ್ಲ. ಆಮೇಲೆ ಬೆಲ್ಟ್ ಹಾಕಬಹುದು.